ಗಡ್ಡೆಯ ಮೇಲಿನ ಮೌನ

ಮಿದುಳಿಗೆ ನನ್ನಷ್ಟು ನಾಜೂಕಾಗಿ ಕರೆಂಟು ಅಳೆದುಕೊಡುವ ತಂತ್ರಜ್ಞ ಭೂಮಂಡಲದಲ್ಲೇ ಇನ್ನೊಬ್ಬನಿಲ್ಲ. ಅಂಥ ನನ್ನ ಯಂತ್ರದ ಮೇಲೇ ಅಂದು ಕಳ್ಳತನದ ಆರೋಪ ಬಂತು. ಲಿಫ್ಟ್ ಮೆಕ್ಯಾನಿಕ್ ಒಬ್ಬರ ಮಾತನ್ನು ಅದು ಕದಿಯುತ್ತಿದೆಯಂತೆ!

ಮಿದುಳಿನ ಗಡ್ಡೆ ತೆಗೆಸಿಕೊಳ್ಳಲು ಅವರು ತಲೆಬುರುಡೆ ತೆರೆದ ಸ್ಥಿತಿಯಲ್ಲಿ, ಪೂರ್ತಿ ಎಚ್ಚರವಾಗಿ ಮೇಜಿನ ಮೇಲೆ ಮಲಗಿದ್ದರು. ಪಕ್ಕದಲ್ಲಿ ಕೂತು ಚಿತ್ರ ತೋರಿಸುತ್ತಿದ್ದವರು ಮಾತಿನ ಚಿಕಿತ್ಸಕಿ. ನಮ್ಮ ಆಸ್ಪತ್ರೆಯ ಪತ್ತೇದಾರರೂ ಅವರೇ. ನಾನು ಅವರ ಬಲಗೈ, ಎಡಗೈಯೂ ನಾನೇ. ಸರ್ಜನ್ "ಈಗ" ಎಂದು ಮಿದುಳಿಗೆ ಕರೆಂಟಿನ ಕಡ್ಡಿ ಮುಟ್ಟಿಸುತ್ತಾರೆ. ರೋಗಿ "ಇದು ಕೊಡೆ", "ಇದು ಬೀಗ" ಎನ್ನಬೇಕು. ಮಾತು ನಿಂತ ಜಾಗಕ್ಕೆ ಒಂದು ಚೀಟಿ. ಅಲ್ಲಿ ಕತ್ತರಿ ಆಡಿಸುವಂತಿಲ್ಲ. ಮಿದುಳಿನಲ್ಲಿ ಮಾತಿನ ನಕ್ಷೆಯೆಂದರೆ ಇಷ್ಟೇ.

ಗಡ್ಡೆಯ ಅಂಚಿನಲ್ಲಿ ಒಂದು ಕಡೆ ರೋಗಿ "ಇದು... ಇದು..." ಎಂದು ತಡಕಾಡಿದರು, ಕಣ್ಣು ಗಾಬರಿಯಿಂದ ಅರಳಿತು. ಚೀಟಿ ಬಿತ್ತು.

"ಇನ್ನು ಗಡ್ಡೆಯ ಮೇಲೆ," ಎಂದರು ಸರ್ಜನ್. "ಈಗ."

ರೋಗಿ ತುಟಿ ಮುಚ್ಚಿದರು. ಗಡ್ಡೆಯ ಮೇಲೆ ಎಲ್ಲಿ ಮುಟ್ಟಿದರೂ ಅದೇ ಮೌನ. ತೆಗೆದರೆ ಮಾತು ಹೋದೀತು, ಬಿಟ್ಟರೆ ಪ್ರಾಣವೇ ಹೋಗುತ್ತದೆ.

"ಸ್ಕ್ಯಾನ್‌ನಲ್ಲಿ ಇಲ್ಲಿ ಮಾತಿನ ಜಾಗವೇ ಇರ್ಲಿಲ್ಲವಲ್ಲ! ನಿನ್ನ ಡಬ್ಬ ಕೆಟ್ಟಿದೆ ಕಣಯ್ಯಾ," ಎಂದು ಸರ್ಜನ್ ನನ್ನತ್ತ ಗದರಿದರು.

"ಡಾಕ್ಟ್ರೇ, ನನ್ನ ಡಬ್ಬ ಕೆಟ್ರೆ ಸೂರ್ಯನೂ ಕೆಟ್ಟ ಅಂತ ಲೆಕ್ಕ!"

ಚಿಕಿತ್ಸಕಿ ಮೇಡಂ ನನ್ನತ್ತ ನೋಡಿ, ಬೆರಳಲ್ಲಿ ಗುಂಡಿ ತಿರುಗಿಸುವ ಸನ್ನೆ ಮಾಡಿದರು. ನಾನು ಸದ್ದಿಲ್ಲದೆ ಕರೆಂಟು ಆರಿಸಿದೆ.

"ಗಡ್ಡೆಯ ಮೇಲೆ ಇನ್ನೊಂದ್ಸಲ, ಡಾಕ್ಟ್ರೇ."

"ಈಗ."

ರೋಗಿ ಮತ್ತೆ ತುಟಿ ಮುಚ್ಚಿದರು.

ತೆರೆದ ತಲೆಯ ಸುತ್ತಲೇ ಸಭೆ ಸೇರಿತು. "ಈ ಸಲ ಕರೆಂಟೇ ಇರ್ಲಿಲ್ಲ," ಎಂದರು ಮೇಡಂ. "ಅಂದ್ಮೇಲೆ ಯಂತ್ರದ ತಪ್ಪಿಲ್ಲ. ನಿಜವಾಗ್ಲೂ ಮಾತು ತಪ್ಪಿದವರು ಹುಡುಕಾಡ್ತಾರೆ, ಅಂಚಲ್ಲಿ ಇವರು ಹುಡುಕಾಡಿದ್ರು. ಗಡ್ಡೆ ಮೇಲೆ ಮಾತ್ರ ಸುಮ್ನೆ ಬಾಯಿ ಮುಚ್ಕೊಂಡ್ರು. ಅದೂ ಡಾಕ್ಟ್ರು ಗಡ್ಡೆ ಅಂತ ಬಾಯಿಬಿಟ್ಟು ಹೇಳಿದ್ಮೇಲೆ. ಕದ್ದಿದ್ದು ನೀವೇ ಅಲ್ವಾ, ಯಜಮಾನ್ರೇ?"

"ಹೌದು." ಆ ದನಿಯಲ್ಲಿ ಉಪ್ಪೂ ಇಲ್ಲ, ಖಾರವೂ ಇಲ್ಲ. "ಮಗಳು ತೀರಿಹೋದ್ಲು. ನನಗೆ ಅಳು ಬರ್ಲಿಲ್ಲ. ಆಮೇಲೆ ಗೊತ್ತಾಯ್ತು, ತಲೇಲಿ ಗಡ್ಡೆ ಇದೆ ಅಂತ. ಅದೇ ಎಲ್ಲಾನೂ ತಡೆದು ಹಿಡಿದಿದೆ. ತೆಗೆದ್ರೆ ಅಳೆಲ್ಲಾ ಒಟ್ಟಿಗೇ ಬರುತ್ತೆ. ಇರ್ಲಿ ಬಿಡಿ."

 

"ಬೆಳಗ್ಗೆ ನಿಮ್ಮ ಮನೆಯವರ ಹತ್ರ ಮಾತಾಡ್ದೆ," ಎಂದರು ಮೇಡಂ. "ಮಗಳ ವಿಷಯಾನ ಮನೆ ವಿಳಾಸ ಹೇಳೋ ಥರ ಹೇಳಿದ್ರು. ಅವರಿಗೂ ಅಳು ಬಂದಿಲ್ವಂತೆ. ಅವರ ತಲೇಲಿ ಗಡ್ಡೆ ಇಲ್ಲ."

"ಅವಳಿಗೂನಾ?"

"ಹೂಂ."

"ನನಗೆ ಹೇಳ್ಲೇ ಇಲ್ಲ ಅವಳು."

"ನೀವು ಹೇಳಿದ್ರಾ?"

ಅವರು ಬಾಗಿಲಿನತ್ತ ಕಣ್ಣು ಹೊರಳಿಸಿದರು.

"ಹೊರಗೆ ಒಬ್ಳೇ ಕೂತಿರ್ತಾಳೆ," ಎಂದರು, ಅದೇ ಸಪ್ಪೆ ದನಿಯಲ್ಲಿ. "ಚಿತ್ರ ತೋರಿಸಿ, ಮೇಡಂ. ಬೇಗ ಮುಗಿಸೋಣ."