ಪಡುವಣ ಗೋಡೆಯ ಹದಿನಾರು ಮೊಳೆ

ತಾಡಪತ್ರಿಯ ಅಂಚಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಒಂದು ನೆಟ್ಟಗಿತ್ತು. ಇನ್ನೊಂದು ಮೊಣಕಾಲಿನ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು.

ಬಡಗಿ ಪಂಡರಿ ಮೋಟರ್‌ಸೈಕಲ್ಲಿಗೆ ಸ್ಟ್ಯಾಂಡು ಹಾಕಲಿಲ್ಲ. ಅದನ್ನು ಹಾಗೇ ಕೈಬಿಟ್ಟು ಓಡಿದ.

"ಸೈಫೂ! ಏ ಸೈಫೂ!"

ತಾಡಪತ್ರಿಯ ಒಳಗಿನಿಂದ ನರಳುವ ದನಿ ಬಂತು. ಸದ್ಯ, ಜೀವವಿತ್ತು!

ಮಧ್ಯಾಹ್ನ ಹನ್ನೆರಡಕ್ಕೆ ಅವನು ತಗಡು ಕೂರಿಸುವ ಬೋಲ್ಟು ತರಲು ಹುಮನಾಬಾದಿಗೆ ಹೊರಟಾಗ ಕಟ್ಟುತ್ತಿದ್ದ ಹೊಸ ಮನೆಯ ಪಡುವಣ ಗೋಡೆಯ ಚೌಕಟ್ಟು ನಿಂತಿತ್ತು. ನಾಲ್ಕು ನೀಲಗಿರಿ ಕಂಬ, ಅವುಗಳ ಹೊರಮೈಗೆ ಎರಡೆರಡು ಅಡಿಗೊಂದರಂತೆ ಹೊಡೆದ ಅಡ್ಡಪಟ್ಟಿ. ಬಿಸಿಲು ತಡೆಯಲೆಂದು ಅದರ ಮೇಲೆ ಇಳಿಬಿಟ್ಟ ತಾಡಪತ್ರಿ. ಈಗ ಎರಡೂವರೆ. ಗಾಳಿ ಬೀಸುತ್ತಿತ್ತು. ಇಡೀ ಗೋಡೆ ಮನೆಯ ಒಳಮಗ್ಗುಲಿಗೆ ಬೋರಲು ಬಿದ್ದಿತ್ತು. ಅದರ ಅಡಿಯಲ್ಲಿ ಸೈಫುದ್ದೀನ್, ಹನ್ನೆರಡು ವರ್ಷದಿಂದ ಪಂಡರಿಯ ಜೊತೆ ಹೆಗಲು ಕೊಟ್ಟು ಕೆಲಸ ಮಾಡಿದವನು.

ಕೂಗಿಗೆ ಜನ ಸೇರಿದರು. ಹೊಲದ ಒಡೆಯ ಮಹಾರುದ್ರಪ್ಪ ಬಂದವನೇ ಗಾಯಾಳುವನ್ನು ಬಿಟ್ಟು ಪಂಡರಿಯ ಕೊರಳಪಟ್ಟಿಗೆ ಕೈ ಹಾಕಿದ.

"ಆನಿಕಿ ಯಾಕ ಕಿತ್ತಿ? ಹೇಳು, ಯಾಕ ಕಿತ್ತಿ?"

ಆಗ ಪಂಡರಿ ನೋಡಿದ. ಕಂಬ ವಾಲದಂತೆ ಹೊರಗಿನಿಂದ ಓರೆಯಾಗಿ ಕೊಟ್ಟಿದ್ದ ನಾಲ್ಕು ಆನಿಕೆಗಳೂ ಜಾಗದಲ್ಲಿರಲಿಲ್ಲ. ಮುರಿದಿರಲಿಲ್ಲ, ಸೀಳಿರಲಿಲ್ಲ. ಯಾರೋ ಜೋಪಾನವಾಗಿ ಬಿಚ್ಚಿ ಅವನದೇ ಕಟ್ಟಿಗೆಯ ಒಟ್ಟಿಲ ಮೇಲೆ ಸಾಲಾಗಿ ಇಟ್ಟಿದ್ದರು.

ಜೀಪಿಗೆ ಎತ್ತಿ ಹಾಕುವಾಗ ಸೈಫುದ್ದೀನ್ ಕಣ್ಣು ತೆರೆದ. ಪಂಡರಿಯನ್ನು ನೋಡಿದ.

"ಯಾಕ ಬಿಚ್ಚಿದ್ಯೋ ಪಂಡ್ಯಾ? ನಾ ಒಳಗ ಮಲಗಿದ್ದು ನೋಡ್ಲಿಲ್ಲೇನು?"

ಮಹಾರುದ್ರಪ್ಪ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹುಮನಾಬಾದಿನ ಪೊಲೀಸ್ ಠಾಣೆಯಿಂದ ಎ.ಎಸ್.ಐ. ಹಜಿರಾ ಬೀ ಬಂದಳು. ಐವತ್ತರ ಆಸುಪಾಸಿನ ಹೆಂಗಸು. ಸಿಡುಕು ಮುಖ, ಸೊಂಟದ ಮೇಲೆ ಕೈ. ಘಾಟಬೋರಾಳದ ಅರ್ಧ ಊರು ಹೊಲದಲ್ಲಿ ನೆರೆದಿತ್ತು. ಪಂಡರಿಗೆ ರಾತ್ರಿಯಿಡೀ ನಿದ್ದೆಯಿಲ್ಲ. ಕೇಸಾದರೆ ಬಸವಕಲ್ಯಾಣದಿಂದ ಹಳ್ಳಿಖೇಡದ ತನಕ ಅವನ ಕೈಗೆ ಒಂದು ಬಾಗಿಲು ಕೂರಿಸುವ ಕೆಲಸವನ್ನೂ ಯಾರೂ ಕೊಡುವುದಿಲ್ಲ. ಅದು ಹಾಳಾಗಿ ಹೋಗಲಿ, ಸೈಫುದ್ದೀನನ ಆ ಮಾತು? ಅದು ಸುಳ್ಳೆಂದು ಅವನ ಬಾಯಿಂದಲೇ ಬರಬೇಕಿತ್ತು.

"ಏ ಬಡಗಿ, ಇಲ್ಲಿ ಬಾ. ಎಲ್ಲಾರೂ ಇಟ್ಟಂಗಿ ಮನಿ ಕಟ್ಟತಾರ. ನೀ ಯಾಕ ಕಂಬ ನಿಲ್ಲಿಸಿದಿ?"

"ಈ ಎರಿ ಮಣ್ಣಾಗ ಇಟ್ಟಂಗಿ ಗ್ವಾಡಿ ತಾಳಲ್ರಿ. ಬ್ಯಾಸಗ್ಯಾಗ ಬಿರುಕು ಬಿಡ್ತದ, ಮಳಿಗಾಲದಾಗ ಉಬ್ಬತದ. ಕಂಬದ ಮನಿಯಾದ್ರ ಭಾರ ಎಲ್ಲಾ ಕಂಬದ ಮ್ಯಾಲ. ಹೊರಗಿನ ಗ್ವಾಡಿ ಅಂದ್ರ ಬರೇ ಅಡ್ಡಪಟ್ಟಿ, ಅದರ ಮ್ಯಾಲ ತಗಡು."

"ಹುಗಿದ ಕಂಬ ಬೀಳೋದು ಹ್ಯಾಂಗ?"

"ಹುಗಿದಿಲ್ರಿ ಇನ್ನಾ! ಕುಣ್ಯಾಗ ನಿಲ್ಲಿಸೀನಿ, ಅಷ್ಟ. ಪಟ್ಟಿ ಹೊಡದು, ತೂಗುಗುಂಡು ಬಿಟ್ಟು ನೋಡಿ, ನಾಕೂ ಕಂಬ ಒಂದ ಗೆರಿಗಿ ಬಂದ ಮ್ಯಾಲ ಕಾಂಕ್ರೀಟ್ ಸುರೀತೀನಿ. ಅಲ್ಲೀತನ ಆನಿಕಿ ಮ್ಯಾಲೇ ನಿಂತಿರ್ತದ."

"ಅಂದ್ರ ಆನಿಕಿ ತಗದ್ರ ಬೀಳ್ತದ ಅಂತ ನಿನಗ ಛಲೋ ಗೊತ್ತಿತ್ತು."

"ಗೊತ್ತಿದ್ದಾಂವ ತಗೀತಾನೇನ್ರಿ?" ಪಂಡರಿಯ ದನಿ ಏರಿತು.

"ದನಿ ಇಳಸು. ಒಂದ ಆನಿಕಿಗಿ ಎಷ್ಟ ಮೊಳಿ?"

"ಮ್ಯಾಲ ಕಂಬಕ್ಕ ಎರಡು. ತೆಳಗ ನೆಲದಾಗಿನ ಗೂಟಕ್ಕ ಎರಡು. ಆಮ್ಯಾಲ ಕೀಳೋ ಮೊಳಿ ನೋಡ್ರಿ, ಅದಕ್ಕ ತಲಿ ತೆಳಗ ಸೈಕಲ್ ಟ್ಯೂಬಿನ ತುಣುಕು ಇಟ್ಟು ಹೊಡೀತೀನಿ. ಹಗರ ಬರ್ತಾವ."

"ಯಾರು ಬೇಕಾದ್ರೂ ಕೀಳಬಹುದು, ಹಂಗಾರ. ಮೊಳಿ ಕೀಳೋ ಸುತ್ತಿಗಿ ಎಲ್ಲಿತ್ತು?"

"ಇಲ್ಲೇ ಪೆಟ್ಟಿಗ್ಯಾಗ್ರಿ. ಕೀಲಿ ಹಾಕಿರಲಿಲ್ಲ."

"ಭೇಷ್!" ಎಂದಳು ಹಜಿರಾ ಬೀ. ಆ ಭೇಷ್ ಕೇಳಿ ಪಂಡರಿಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಮಹಾರುದ್ರಪ್ಪ ನಡುವೆ ಬಾಯಿ ಹಾಕಿದ. "ಅವನ್ನ ಏನ್ ಕೇಳ್ತೀರಿ ಮೇಡಂ? ಒಳಗ ಹಾಕ್ರಿ. ಇಲ್ಲಂದ್ರ ಅಗೋ, ಅವನ್ನ ಹಾಕ್ರಿ. ಈ ಗ್ವಾಡಿ ನಿಲ್ಲಾಕ ಬಿಡಲ್ಲಂತ ಊರ ಮುಂದ ಒದರಿದಾಂವ."

ಬದುವಿನ ಆಚೆ ಪಕ್ಕದ ಹೊಲದ ಗುರುಲಿಂಗ ಟ್ರ್ಯಾಕ್ಟರಿಗೆ ಒರಗಿ ನಿಂತು ತಮಾಷೆ ನೋಡುತ್ತಿದ್ದ.

"ಹೌದ್ರಿ, ಒದರೀನಿ," ಎಂದ ಅವನು. "ಬದುವಿನ ತುದಿಗಿ ತಂದು ಮನಿ ನಿಲ್ಲಿಸಾಕತ್ತಾನ. ನಾಳಿ ನನ್ನ ಹೊಲದಾಗ ನೀರು ಬಿಡ್ತಾನ. ಗ್ವಾಡಿ ಬಿದ್ದದ್ದು ನೋಡಿ ಹೊಟ್ಟಿ ತಣ್ಣಗಾತು. ಬರಕೋರ್ರಿ ಅದನ್ನೂ!"

"ನಿನ್ನಿ ಮಧ್ಯಾನ ಎಲ್ಲಿದ್ದಿ?"

"ಹಳ್ಳಿಖೇಡದಾಗ, ಕಾರ್ಖಾನಿ ಗೇಟಿನ ಮುಂದ. ಕಬ್ಬಿನ ಗಾಡಿ ಸಾಲಿನ್ಯಾಗ. ಮುಂದಿನಾಂವನ್ನ ಕೇಳ್ರಿ, ಹಿಂದಿನಾಂವನ್ನ ಕೇಳ್ರಿ."

"ಸುಳ್ಳ ಬೊಗಳ್ತಾನ!" ಮಹಾರುದ್ರಪ್ಪ ಬದುವಿಗೆ ನುಗ್ಗಿದ. ಅವನ ಹೆಂಡತಿ ಮೀರಾಬಾಯಿ ಅಂಗಿ ಹಿಡಿದು ಹಿಂದಕ್ಕೆ ಎಳೆದಳು. ಎಳೆಯುತ್ತಲೇ ಗುರುಲಿಂಗನ ಮೂರು ತಲೆಮಾರನ್ನು ಬೈದಳು. ಆಮೇಲೆ ಅದೇ ಉಸಿರಿನಲ್ಲಿ ಪಂಡರಿಯ ಕಡೆ ತಿರುಗಿದಳು.

"ನಿನ್ನಿಂದ ಎಲ್ಲಾ ಹಾಳಾತು! ಯುಗಾದಿ ಒಳಗ ಈ ಮನಿಗಿ ಬರಬೇಕಂತಿದ್ದೆ. ಬಂದ ದಿನಾನ ಈ ದನದ ಕೊಟಗಿ ಕಿತ್ತಿ ಹಾಕಿಸಬೇಕಂತಿದ್ದೆ. ಮನಿ ಮುಂದ ಸೆಗಣಿ ನಾತ ಯಾರಿಗಿ ಬೇಕು? ಎತ್ತು ಮಾರಾಕ ಸಂತಿ ದಿನಾನೂ ಗೊತ್ತು ಮಾಡಿದ್ವಿ."

"ಎತ್ತು ಯಾರವು?" ಹಜಿರಾ ಬೀ ಕೇಳಿದಳು.

"ನಮ್ಮವ. ಭಾವನೋರು ನೋಡಕೋತಾರ."

ಮಹಾರುದ್ರಪ್ಪನ ಅಣ್ಣ ಶ್ರೀಮಂತ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. ಬಿಳಿ ಎತ್ತೊಂದು ಅವನ ಹೆಗಲಿಗೆ ಮೂತಿ ಉಜ್ಜುತ್ತಿತ್ತು. ನಿನ್ನೆಯಿಂದ ಪಂಡರಿಗೆ ಒಂದು ತಂಬಿಗೆ ನೀರು ಕೊಟ್ಟವನಿದ್ದರೆ ಆ ಮುದುಕನೊಬ್ಬನೇ. ಈಗಲೂ ಅವನೇ ಮೆತ್ತಗೆ ಮಾತಾಡಿದ.

"ಬಿಡ್ರಿ ಮೇಡಂ. ಬಡಗಿ ಬೇಕಂತ ಮಾಡ್ಯಾನೇನು? ಬ್ಯಾರೆ ಗ್ವಾಡಿಗಿ ಬೇಕಂತ ತಗದಿರಬೇಕು, ತಿರುಗಿ ಕೊಡೋದು ಮರತಿರಬೇಕು. ಮನಷ್ಯಾ ಅಂದಮ್ಯಾಲ ಮರೀತಾನ."

ಪಂಡರಿಯ ಕಣ್ಣು ತುಂಬಿ ಬಂತು. ಇಷ್ಟು ಜನರಲ್ಲಿ ತನ್ನ ಪರವಾಗಿ ಒಂದಾದರೂ ಬಾಯಿ ಇದೆಯಲ್ಲ!

"ನಿನ್ನಿ ಗ್ವಾಡಿ ಬಿದ್ದಾಗ ನೀವೆಲ್ಲಿದ್ರಿ?"

"ಬೇವಿನ ಗಿಡದ ತೆಳಗ. ಸ್ವಲ್ಪ ಅಡ್ಡಾಗಿದ್ದೆ."

ಹಜಿರಾ ಬೀ ತಲೆಯಾಡಿಸಿದಳು. ಆಮೇಲೆ ಯಾರೂ ಎಣಿಸದ ಕೆಲಸ ಮಾಡಿದಳು. ಬೂಟು ಬಿಚ್ಚಿದಳು, ಕಾಲುಚೀಲ ಬಿಚ್ಚಿದಳು, ಬರಿಗಾಲಲ್ಲಿ ಮನೆಯ ಸುತ್ತ ನಡೆಯತೊಡಗಿದಳು. ಜನ ಕಿಸಕ್ಕೆಂದರು. ಇವಳಿಗೇನು ತಲೆ ಕೆಟ್ಟಿದೆಯೇ ಎಂದುಕೊಂಡ ಪಂಡರಿ. ತನ್ನ ಹಣೆಬರಹ ಇಂಥವಳ ಕೈಗೆ ಸಿಕ್ಕಿತೇ!

ಮೂಡಣ ಬದಿಯಲ್ಲಿ ನಾಲ್ಕು ಹೆಜ್ಜೆ ಹಾಕಿರಲಿಲ್ಲ, "ಅಯ್ಯಯ್ಯೋ!" ಎಂದು ಕಾಲೆತ್ತಿದಳು. ಸೊಟ್ಟ ಮೊಳೆ. ಬೈದು ಕಿತ್ತೆಸೆದಳು. ಬಡಗಣ ಬದಿಯಲ್ಲಿ ಇನ್ನೆರಡು ಸಿಕ್ಕವು. ತೆಂಕಣದಲ್ಲಿ ಮೂರು.

"ಹಾಳಾದವನ, ಮೊಳಿ ಬಿತ್ತೀಯೇನೋ ಇಲ್ಲಿ?"

"ಸೊಟ್ಟಾದ ಮೊಳಿ ಅಲ್ಲೇ ಒಗೀತೀನ್ರಿ," ಎಂದ ಪಂಡರಿ ತಲೆ ತಗ್ಗಿಸಿ. "ಶ್ರೀಮಂತ ಕಾಕಾನೂ ಬೈದಾನ ಮೂರು ಸಲ."

ಪಡುವಣ ಬದಿಗೆ ಬಂದಳು. ಗೋಡೆ ಬಿದ್ದ ಬದಿ ಅದು. ಆನಿಕೆಗಳು ನಿಂತಿದ್ದು ಅಲ್ಲೇ, ಉಳುವ ನೆಲದ ಮೇಲೆ. ಗೂಟಗಳು ಇನ್ನೂ ನೆಟ್ಟಿದ್ದವು. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ, ಕಾಲಿನಿಂದ ಮಣ್ಣು ಕೆದರುತ್ತ ನಡೆದಳು. ಮುಖ ಒಮ್ಮೆಯೂ ಕಿವುಚಲಿಲ್ಲ.

"ಈ ಪಟ್ಟಿಯೊಳಗ ಮುಂದ ಯಾರು ಕುಂಟಿ ಹೊಡೆಯೋರು?"

ಮಹಾರುದ್ರಪ್ಪನೇ ಹೇಳಿದ. "ಅಣ್ಣ ಹೊಡೀತಾನ. ಯಾಕ್ರಿ?"

ಅವಳು ನೇರ ಕೊಟ್ಟಿಗೆಗೆ ಹೋದಳು. ಶ್ರೀಮಂತ ಬಾಗಿಲಿಗೆ ಅಡ್ಡ ನಿಂತ.

"ಒಳಗ ಏನದ ಮೇಡಂ? ಎತ್ತು ಹಾಯ್ತಾವ."

"ಹಾಯಲಿ. ಸರೀರಿ."

ಹಜಿರಾ ಬೀ ಒಳಗೆ ಹೋದ ಎರಡು ನಿಮಿಷದಲ್ಲಿ ಹೊರಗೆ ಬಂದಳು. ಕೈಯಲ್ಲಿ ತುಕ್ಕು ಹಿಡಿದ ಎಣ್ಣೆ ಡಬ್ಬಿ. ಪಂಡರಿಯ ಮುಂದೆ ಕುಕ್ಕರಿಸಿ ಅದನ್ನು ನೆಲಕ್ಕೆ ಸುರಿದಳು.

"ಎಣಿಸು."

ಪಂಡರಿ ಎಣಿಸಿದ. ಹದಿನಾರು. ಒಂದೊಂದರ ಕುತ್ತಿಗೆಗೂ ಕಪ್ಪು ಟ್ಯೂಬಿನ ತುಣುಕು ಅಂಟಿಕೊಂಡಿತ್ತು.

"ಇವು... ಇವು ನನ್ನ ಮೊಳೀನ ಮೇಡಂ!"

"ಎಲ್ಲಿ ಸಿಕ್ವು ಅಂತ ಕೇಳಂಗಿಲ್ಲೇನು? ಎತ್ತು ಮೇವು ತಿನ್ನೋ ಗ್ವಾದಲಿ ಮ್ಯಾಲಿನ ಗೂಡಿನ್ಯಾಗ."

ಹಜಿರಾ ಬೀ ಎದ್ದು ನಿಂತು ಮಹಾರುದ್ರಪ್ಪನಿಗೆ ಹೇಳಿದಳು.

"ನೀವೆಲ್ಲಾ ಆನಿಕಿ ಎಲ್ಲಿ ಇಟ್ಟಾರ ಅಂತ ನೋಡಿದ್ರಿ. ನಾ ಮೊಳಿ ಎಲ್ಲಿ ಬಿದ್ದಾವ ಅಂತ ಹುಡುಕಿದೆ. ಬಡಗಿ ಕಿತ್ತಿದ್ರ ಅಲ್ಲೇ ಒಗೀತಿದ್ದ. ಅದು ಅವನ ಚಾಳಿ, ನನ್ನ ಕಾಲು ಸಾಕ್ಷಿ. ಗುರುಲಿಂಗ ಕಿತ್ತಿದ್ರ ಬೇಕಂತ ಒಗೀತಿದ್ದ, ವೈರಿ ಹೊಲದಾಗ ಯಾರು ಮೊಳಿ ಆರಸ್ತಾರ? ಗ್ವಾಡಿ ಕೆಡವೋ ಅವಸರದಾಗೂ ಬಗ್ಗಿ ಬಗ್ಗಿ ಹದಿನಾರೂ ಮೊಳಿ ಆರಿಸಿದಾಂವ ಯಾರು? ನಾಳಿ ಇದೇ ಮಣ್ಣಾಗ ತನ್ನ ಎತ್ತು ಹೂಡೋನು. ಎತ್ತಿನ ಗೊರಸಿಗಿ ಮೊಳಿ ಚುಚ್ಚೀತು ಅಂತ ಜೀವ ಬಿಡೋನು. ಮನಿ ಎದ್ರ ಎತ್ತು ಸಂತಿಗಿ ಹೋಗ್ತಾವ ಅಂತ ತಿಳಿದೋನು. ಶ್ರೀಮಂತಪ್ಪ, ಬೇವಿನ ಗಿಡದ ತೆಳಗ ನೀ ಮಲಗಿರಲಿಲ್ಲ."

"ಅಣ್ಣಾ?" ಮಹಾರುದ್ರಪ್ಪ ಅವನ ಕಡೆ ತಿರುಗಿದ.

ಶ್ರೀಮಂತ ಎತ್ತಿನ ಬೆನ್ನ ಮೇಲೆ ಕೈ ಇಟ್ಟ. "ಗಾಳಿಗಿ ಬೀಳ್ತದ, ಶಕುನ ಛಲೋ ಇಲ್ಲಂತ ಮನಿ ಕಟ್ಟೋದು ಬಿಡ್ತೀ ಅಂದಕೊಂಡೆ. ಕರುವಿದ್ದಾಗಿಂದ ಸಾಕೀನೋ ಅವನ್ನ. ಒಂದ ಮಾತು ಕೇಳಲಿಲ್ಲ ನನ್ನ. ಸೈಫೂ ಬಾವಿ ಕಡಿ ಹೋಗಿದ್ದ, ಮಂದಿ ಯಾರೂ ಇಲ್ಲಂತ ತಿಳಿದಿದ್ದೆ, ದೇವರಾಣಿ."

"ತಿರುಗಿ ಬಂದಾನೇನಂತ ತಾಡಪತ್ರಿ ಎತ್ತಿ ಆ ಕಡಿ ಒಮ್ಮಿ ನೋಡಲಿಲ್ಲ ನೀನು," ಎಂದಳು ಹಜಿರಾ ಬೀ. "ಅಷ್ಟ ಸಾಲದಂತ ಈ ಬಡಗಿ ಮರತಾನ ಅಂತ ಮೆತ್ತಗ ಅವನ ಕುತ್ತಿಗಿಗಿ ಕಟ್ಟಿದಿ."

ಪಂಡರಿಗೆ ಆಗ ಅರ್ಥವಾಯಿತು. ಎಲ್ಲರೂ ಬೈದಿದ್ದರು. ಆದರೆ ಬಾಯ್ತುಂಬ ಬೈದವರು ಯಾರೂ ಇಷ್ಟು ದ್ರೋಹ ಮಾಡಿರಲಿಲ್ಲ. ಅವನು ಮುಂದೆ ನುಗ್ಗಿ ಮುದುಕನ ರಟ್ಟೆ ಹಿಡಿದ.

"ನಡೀರಿ ಮೇಡಂ, ಜೀಪು ಹತ್ತಸ್ರಿ," ಎಂದ ಶ್ರೀಮಂತ ಅವನ ಮುಖ ನೋಡದೆ. "ಠಾಣೆಗಿ ಬರ್ತೀನಿ."

"ಠಾಣೆಗಿ ಆಮ್ಯಾಲ ಹೋಗು! ಮದ್ಲ ದವಾಖಾನಿಗಿ ನಡಿ. ಸೈಫೂನ ಮುಂದ ನಿಂತು ಹೇಳು. ನನ್ನ ಮಾತು ಅವ ನಂಬಂಗಿಲ್ಲ. ನೀ ಹೇಳಬೇಕು, ನಿನ್ನ ಬಾಯಿಲೇ ಹೇಳಬೇಕು!"

"ಅದೊಂದು ಬ್ಯಾಡೋ ಪಂಡರಿ. ಬೇಕಾದ್ರ ಇಲ್ಲೇ ಹೊಡಿ. ಅವನ ಮುಂದ ಬ್ಯಾಡ."

ಹಜಿರಾ ಬೀ ಬೂಟಿನ ಲಾಡಿ ಕಟ್ಟುತ್ತ ಹೇಳಿದಳು. "ದವಾಖಾನಿ ದಾರ್ಯಾಗ ಅದ. ಹತ್ರಿ ಇಬ್ಬರೂ."

ಹುಮನಾಬಾದಿನ ದವಾಖಾನೆಯಲ್ಲಿ ಸೈಫುದ್ದೀನ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕಾಲಿಗೆ ತೊಡೆಯ ತನಕ ಪಟ್ಟಿ ಸುತ್ತಿತ್ತು. ಶ್ರೀಮಂತ ಮಂಚದ ಕಾಲುಗಡೆ ನಿಂತು, ನೆಲ ನೋಡುತ್ತ, ಎಲ್ಲ ಹೇಳಿದ. ಆನಿಕೆ ಬಿಚ್ಚಿದ್ದು, ಮೊಳೆ ಆರಿಸಿದ್ದು, ಎತ್ತಿನ ಸಂಕಟ, ಯಾವುದನ್ನೂ ಬಿಡಲಿಲ್ಲ.

ಸೈಫುದ್ದೀನ್ ಮುದುಕನ ಕಡೆ ಮುಖ ತಿರುಗಿಸಿದ.

"ಕಾಕಾ, ನೀವು ಮೊಳಿ ಕೀಳೋ ಹೊತ್ತಿನ್ಯಾಗ ನಾ ಬಾವಿ ಕಡಿ ಯಾಕ ಹೋಗಿದ್ದೆ ಗೊತ್ತೇನ್ರಿ?"

"ಉಣ್ಣಾಕ."

"ಬುತ್ತಿ ಗ್ವಾಡಿ ಹತ್ರಾನ ಉಂಡಿದ್ದೆ. ನಿಮ್ಮ ಎತ್ತು ಬಿಸಲಾಗ ಬಾಯಿ ಬಿಡಾಕತ್ತಿದ್ವು. ನೀವೆಲ್ಲೂ ಕಾಣಲಿಲ್ಲ. ಹತ್ತು ಕೊಡ ಸೇದಿ ಕುಡಿಸಿ, ನೆರಳಿಗಿ ಕಟ್ಟಿ ಬಂದೆ. ರಟ್ಟಿ ಸೋತು, ಮೂಡಣ ಕಡಿಯಿಂದ ಒಳಗ ಬಂದು ಮಲಗಿದೆ, ಆನಿಕಿ ನೋಡಲೇ ಇಲ್ಲ."

ಶ್ರೀಮಂತ ಮಂಚದ ಸರಳು ಹಿಡಿದು ಹಾಗೇ ಕೆಳಗೆ ಕುಸಿದ. ಮುದುಕ ಹೆಂಗಸರ ಹಾಗೆ ದನಿ ತೆಗೆದು ಅತ್ತ. ಹಜಿರಾ ಬೀ ಸನ್ನೆ ಮಾಡಿದಳು. ಜೊತೆಗೆ ಬಂದಿದ್ದ ಪೇದೆ ಅವನನ್ನು ಎಬ್ಬಿಸಿ ಹೊರಗೆ ಕರೆದೊಯ್ದ.

ಕೋಣೆಯಲ್ಲಿ ಇಬ್ಬರೇ ಉಳಿದರು. ಪಂಡರಿ ಬಾಗಿಲಲ್ಲೇ ನಿಂತಿದ್ದ.

"ಹನ್ನೆರಡು ವರ್ಷದಾಗ ಒಂದ ಸಲಾನಾದ್ರೂ ನಾ ಆನಿಕಿ ಮರತೀನೇನೋ?"

"ಇಲ್ಲ."

"ಮತ್ತ ಯಾಕ ಹಂಗಂದಿ?"

ಸೈಫುದ್ದೀನ್ ಕಣ್ಣೊರೆಸಿಕೊಂಡ. "ಎಲ್ಲಾರೂ ನೀನ ಕಿತ್ತಿದಿ ಅಂತ ಒದರಾಕತ್ತಿದ್ರು, ಕೇಳಿ ನಂಬಿಬಿಟ್ಟೆ," ಎಂದ. ಪಂಡರಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಬಂದು ಮಂಚದ ಪಕ್ಕದಲ್ಲಿ ಕುಳಿತ.