ಸೇವ್ ಮಾಡದ ಆಟ

"ನಾನು ಸೇವ್ ಮಾಡಲ್ಲ. ಸುಮ್ನೆ ಒಳಗೆ ಇಣುಕಿ ನೋಡಿ ಬಂದ್ಬಿಡ್ತೀನಿ, ಅಷ್ಟೇ," ಎಂದು ಅಳಿಲು ಟಿವಿಗೆ ಹೇಳಿದಳು. ಟಿವಿ ಏನೂ ಅನ್ನಲಿಲ್ಲ. ಅಮ್ಮ ಔಷಧಿ ಅಂಗಡಿಯ ಕೆಲಸಕ್ಕೆ ಹೋಗಿದ್ದಳು. ಬೇಡ ಅನ್ನುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಅವಳ ನಿಜವಾದ ಹೆಸರು ಸ್ಕೂಲಿನ ಹಾಜರಿಗೆ ಮಾತ್ರ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹುಡುಗಿಗೆ ಅಪ್ಪ ಇಟ್ಟ ಹೆಸರು ಅಳಿಲು.

ಅಪ್ಪ ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಸೋಮವಾರ ಹೋದರೆ ಬರುವುದು ಭಾನುವಾರ. ಊಟ ಮುಗಿಸಿ ಅಪ್ಪ, ಮಗಳು ಟಿವಿ ಮುಂದೆ ದಿಂಬು ಹಾಕಿಕೊಂಡು ಕೂತರೆಂದರೆ ಅಮ್ಮ ಎಷ್ಟು ಕರೆದರೂ ಕೇಳಿಸುವುದಿಲ್ಲ. ಇಬ್ಬರೂ ಆಡುತ್ತಿದ್ದುದು ಜಪಾನಿನವರು ಎಷ್ಟೋ ವರ್ಷದ ಹಿಂದೆ ಮಾಡಿದ ವಿಡಿಯೋ ಆಟ. ಈಗ ಅದಕ್ಕೇ ಹೊಸ ಬಣ್ಣ, ಹೊಸ ಸಂಗೀತ ಹಾಕಿ ಮತ್ತೆ ತಂದಿದ್ದರು. ಕತ್ತಿ ಹಿಡಿದ ವೀರನಿಗೆ ಇವರಿಬ್ಬರೂ ಇಟ್ಟ ಹೆಸರು 'ಟ್ಯಾಂಕರ್'. ಮಂತ್ರ ಹಾಕಿ ಗಾಯ ವಾಸಿ ಮಾಡುವ ಹುಡುಗಿಯ ಹೆಸರು 'ಅಳಿಲು'.

ಅಪ್ಪ ಚಿಕ್ಕವನಿದ್ದಾಗ ಪಕ್ಕದ ಮನೆಯ ಹುಡುಗನ ಜೊತೆ ಇದೇ ಆಟದ ಹಳೆಯದನ್ನು ಆಡಿದ್ದ. ರಾಕ್ಷಸರಾಜನ ಕೋಟೆ ಬಾಗಿಲವರೆಗೂ ಹೋಗಿದ್ದರಂತೆ. ಅಷ್ಟರಲ್ಲಿ ಪಕ್ಕದವರು ಮನೆ ಖಾಲಿ ಮಾಡಿಕೊಂಡು ಹೋದರು. ಗೆಳೆಯನೂ ಹೋದ, ಆಟವೂ ಹೋಯಿತು.

"ಕೊನೇಲಿ ಏನಾಯ್ತು ಅಂತ ಇವತ್ತಿಗೂ ಗೊತ್ತಿಲ್ಲ ಕಣೇ. ಯಾರಾದ್ರೂ ಹೇಳೋಕೆ ಬಂದ್ರೆ ಕಿವಿ ಮುಚ್ಕೊಂಡ್ಬಿಡ್ತೀನಿ," ಎನ್ನುತ್ತಿದ್ದ.

ಕಳೆದ ಭಾನುವಾರ ಇಬ್ಬರೂ ಅದೇ ಬಾಗಿಲಿಗೆ ಬಂದು ನಿಂತಿದ್ದರು.

"ಮುಂದಿನ ವಾರ ಒಟ್ಟಿಗೆ ಒಳಗೆ ಹೋಗೋಣ. ಅಲ್ಲೀ ತನಕ ಮುಟ್ಟಬಾರ್ದು. ಪ್ರಾಮಿಸ್?" ಎಂದ ಅಪ್ಪ.

"ಗಾಡ್ ಪ್ರಾಮಿಸ್!"

ಪ್ರಾಮಿಸ್ ಶುಕ್ರವಾರದವರೆಗೂ ಗಟ್ಟಿಯಾಗಿಯೇ ಇತ್ತು. ಶನಿವಾರ ಮಧ್ಯಾಹ್ನ ಕೈ ತುರಿಸತೊಡಗಿತು. ಅಪ್ಪನೇ ಹೇಳಿರಲಿಲ್ಲವೇ, "ಸೇವ್ ಮಾಡ್ಲಿಲ್ಲ ಅಂದ್ರೆ ಏನೂ ನಡೆದೇ ಇಲ್ಲ ಅಂತ ಲೆಕ್ಕ" ಎಂದು? ಹಾಗಾದರೆ ಇದು ಆಡಿದ ಹಾಗೇ ಅಲ್ಲ!

ಒಳಗೆ ಹೋದಳು. ಸೋತಳು. ಮತ್ತೆ ಹೋದಳು, ಮತ್ತೆ ಸೋತಳು. ಕೊನೆಗೂ ರಾಕ್ಷಸರಾಜ ಧೊಪ್ಪನೆ ಬಿದ್ದ. ಕುಣಿಯಬೇಕೆಂದು ಎದ್ದರೆ ಬಿದ್ದವನೂ ಎದ್ದ, ಮೊದಲಿಗಿಂತ ಎರಡರಷ್ಟಾಗಿ! ಅಳಿಲು ಹಲ್ಲು ಕಚ್ಚಿ ಹೊಡೆದಳು. ಅವನು ಇನ್ನೊಂದು ಸಲ ಬಿದ್ದ. ಈ ಸಲ ಏಳಲಿಲ್ಲ.

"ಗೆದ್ದೇ!" ಎಂದು ಕೂಗಿದಳು. ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್ ಅನ್ನುತ್ತಿತ್ತು. ಇನ್ನೊಂದು ಸಲ ಕೂಗಬೇಕು ಅನ್ನಿಸಲಿಲ್ಲ. ವೀರ ಊರಿಗೆ ನಡೆದು ಹೋಗುವ ಚಿತ್ರಗಳೆಲ್ಲ ಬಂದು ಮುಗಿದವು.

ಆಮೇಲೆ ಟಿವಿಯ ಮೇಲೊಂದು ಸಾಲು ಮೂಡಿತು: ತಾನಾಗಿಯೇ ಸೇವ್ ಆಗಿದೆ. ಅವರ ಆಟದ ಪಕ್ಕದಲ್ಲಿ ಬಂಗಾರದ ಬಣ್ಣದ ಸ್ಟಾರ್ ಹೊಳೆಯುತ್ತಿತ್ತು.

ಅಪ್ಪ ಹೇಳಿದ್ದು ತಾನು ಚಿಕ್ಕಂದಿನಲ್ಲಿ ಆಡಿದ ಆಟದ ಮಾತು. ಹಳೆಯ ಆಟ ಹೇಳಿದರಷ್ಟೇ ಸೇವ್ ಮಾಡುತ್ತಿತ್ತು. ಹೊಸದು ಹೇಳದೆಯೂ ಮಾಡುತ್ತದೆ. ಆಟ ತೆರೆದು ನೋಡಿದಳು. ಪುಣ್ಯಕ್ಕೆ ಟ್ಯಾಂಕರ್ ಮತ್ತೆ ಕೋಟೆ ಬಾಗಿಲಲ್ಲೇ ನಿಂತಿದ್ದ. ಆದರೆ ಏನು ಒತ್ತಿದರೂ ಸ್ಟಾರ್ ಮಾತ್ರ ಹೋಗಲಿಲ್ಲ.

ಸಂಜೆ ಊಟ ಸೇರಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ವಲ್ಲ. ಮತ್ಯಾಕೆ ಹೀಗೆ ಚಡಪಡಿಸ್ತಿದೀಯ?"

"ಏನಿಲ್ಲಮ್ಮ."

ಭಾನುವಾರ ಬೀದಿಯಲ್ಲಿ ಹಾರ್ನ್ ಕೇಳಿದಾಗಲೆಲ್ಲ ಕಿಟಕಿಗೆ ಓಡಿದಳು. ಅಪ್ಪ ಬೇಗ ಬರಲಿ ಅನ್ನಿಸುತ್ತಿತ್ತು. ಬರದೇ ಇರಲಿ ಅಂತಲೂ ಅನ್ನಿಸುತ್ತಿತ್ತು.

ಅಪ್ಪ ಬಂದ. ಸ್ನಾನ ಮಾಡಿ, ಊಟವನ್ನು ಗಬಗಬ ಮುಗಿಸಿ, ತಲೆ ಕೂಡ ಸರಿಯಾಗಿ ಒರೆಸಿಕೊಳ್ಳದೆ ದಿಂಬಿನ ಮೇಲೆ ಕೂತ. "ಏನೇ ಅಳಿಲು, ರೆಡೀನಾ? ವಾರವೆಲ್ಲ ಇದೇ ಯೋಚನೆ ನಂಗೆ. ಸಿಗ್ನಲ್ ಹಸಿರಾಗಿದ್ದೂ ಗೊತ್ತಾಗ್ಲಿಲ್ಲ, ಹಿಂದಿನವನ ಹತ್ರ ಬೈಸ್ಕೊಂಡೆ!"

ಆಟ ಹಾಕಿದ. "ಇದೇನಿದು ಸ್ಟಾರ್?"

"ಗೊತ್ತಿಲ್ಲ."

"ಚೆನ್ನಾಗಿ ಆಡಿದೀವಿ ಅಂತ ಕೊಟ್ಟಿರ್ಬೇಕು ಬಿಡು," ಎಂದು ಅಪ್ಪ ಅವಳ ಬೆನ್ನು ತಟ್ಟಿದ. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಅಪ್ಪ ಒಂದೊಂದು ಏಟಿಗೂ ಯೋಚಿಸಿ ಆಡಿದ. ಬಾಗಿಲು ತೆರೆದರೆ ಸಾಕು, ಅವಳ ಕಡೆ ತಿರುಗಿ, "ನೋಡ್ದ್ಯಾ?" ಎನ್ನುತ್ತಿದ್ದ. ಅವಳು "ಅಬ್ಬಾ!" ಎನ್ನುತ್ತಿದ್ದಳು. ಪ್ರತಿ ಸಲವೂ ಆ ಅಬ್ಬಾ ಸಣ್ಣಗಾಗುತ್ತಿತ್ತು.

ರಾಕ್ಷಸರಾಜ ಇನ್ನೇನು ಬೀಳುವಂತಿದ್ದ. ಟ್ಯಾಂಕರ್‌ಗೂ ಉಸಿರಷ್ಟೇ ಉಳಿದಿತ್ತು.

"ಇನ್ನೊಂದೇ ಏಟು. ಮುಗೀತು ಇವನ ಕತೆ!"

ಹೊಡೆದರೆ ಅವನು ಬೀಳುತ್ತಾನೆ. ದೊಡ್ಡವನಾಗಿ ಏಳುತ್ತಾನೆ. ಟ್ಯಾಂಕರ್, ಅವನ ಜೊತೆಯವರು ಎಲ್ಲ ಸಾಯುತ್ತಾರೆ. ತಾನು ಸುಮ್ಮನಿದ್ದರೆ ಗುಟ್ಟು ಬಚಾವ್.

"ಹೊಡೀಬೇಡ ಅಪ್ಪಾ! ಮೊದ್ಲು ಎಲ್ರ ಗಾಯ ವಾಸಿ ಮಾಡು. ಅವನು ಮತ್ತೆ ಏಳ್ತಾನೆ!"

ಅಪ್ಪನ ಬೆರಳು ಗುಂಡಿಯ ಮೇಲೇ ನಿಂತಿತು. "ನಿಂಗೆ ಹೇಗೆ ಗೊತ್ತು?"

ಅವಳ ಕಣ್ಣು ತುಂಬಿ ಬಂತು. "ನಿನ್ನೆ ಆಡ್ಬಿಟ್ಟೆ ಅಪ್ಪ. ಕೊನೇ ತನಕ. ಸೇವ್ ಮಾಡ್ಲಿಲ್ಲ, ಆದ್ರೂ... ಆ ಸ್ಟಾರ್ ಅದಕ್ಕೇ ಬಂದಿದ್ದು."

ಅಪ್ಪ ಕಂಟ್ರೋಲರ್ ಕೆಳಗಿಟ್ಟ. ಅವನ ಮುಖ ಯಾರೂ ಆಟಕ್ಕೆ ಸೇರಿಸಿಕೊಳ್ಳದ ಹುಡುಗನ ಮುಖದ ಹಾಗಾಗಿತ್ತು.

"ನಂಗೆ ತುಂಬಾ ಬೇಜಾರಾಯ್ತು ಕಣೇ."

"ಹೂಂ," ಎಂದಳು.

ಟಿವಿಯಲ್ಲಿ ರಾಕ್ಷಸರಾಜ ಬುಸ್ ಬುಸ್ ಎನ್ನುತ್ತಾ ನಿಂತೇ ಇದ್ದ. ಈ ಆಟದಲ್ಲಿ ನಾವು ಏನಾದರೂ ಒತ್ತುವ ತನಕ ಎದುರಿನವನು ಕಾಯುತ್ತಾನೆ.

"ಇವನೇ ವಾಸಿ ನೋಡು, ಕಾಯ್ತಾನೆ," ಎಂದ ಅಪ್ಪ. ಮೂಗು ಉಜ್ಜಿಕೊಂಡು ಕಂಟ್ರೋಲರ್ ಎತ್ತಿಕೊಂಡ. "ಯಾವ ಮಂತ್ರ ಹಾಕ್ಲಿ? ಏ, ಬೇಡ ಬೇಡ, ಹೇಳ್ಬೇಡ! ಬಾಯಿ ಮುಚ್ಕೊಂಡು ಕೂತ್ಕೋ."

ಅಳಿಲು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಳು.

ರಾಕ್ಷಸ ಬಿದ್ದ, ಎದ್ದ. "ಅಯ್ಯಯ್ಯೋ, ಇಷ್ಟು ದೊಡ್ಡವ್ನಾ!" ಎಂದು ಅಪ್ಪ ದಿಂಬಿನ ಸಮೇತ ಹಿಂದೆ ಸರಿದ. ಬೆವರೊರೆಸಿಕೊಂಡು ಹೊಡೆದ. ಕೊನೆಗೂ ಗೆದ್ದ. ಅವನು ಹಾಕಿದ ಕೂಗಿಗೆ ಅಮ್ಮ ಒಳಗಿಂದ ಓಡಿ ಬಂದಳು.

ಕೊನೆಯ ಚಿತ್ರಗಳು ಶುರುವಾದವು. ಟ್ಯಾಂಕರ್ ತನ್ನ ಊರಿನ ದಾರಿ ಹಿಡಿದ. ಮನೆಯ ಬಾಗಿಲು ತೆರೆಯಿತು. ಅಪ್ಪನ ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ತೋಳಿನಿಂದ ಒಮ್ಮೆ ಕಣ್ಣೊರೆಸಿಕೊಂಡ. ಕೂದಲು ಇನ್ನೂ ಪೂರ್ತಿ ಒಣಗಿರಲಿಲ್ಲ.

ಅಳಿಲು ಟಿವಿಯ ಕಡೆ ನೋಡುತ್ತಲೇ ಇರಲಿಲ್ಲ. ಅಲುಗದೆ ಕೂತು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ನೋಡ್ದ್ಯೇನೇ?" ಎಂದ ಅಪ್ಪ, ತಿರುಗದೆಯೇ.

"ಈಗ ನೋಡ್ತಾ ಇದೀನಿ, ಅಪ್ಪ."