ಇಲಿ ಯಾರ ಮನೆಯದು

ಗಿರಣಿ ಭರ್ರನೆ ಓಡುತ್ತಿತ್ತು. ಏಳೆಂಟು ಜನ ಕಾಳಿನ ಚೀಲ ಹಿಡಿದು ಸಾಲಾಗಿ ನಿಂತಿದ್ದರು. ಪಕ್ಕದ ಮನೆಯವಳು ಆ ಸಾಲನ್ನು ಸೀಳಿಕೊಂಡು ನೇರ ಒಳಗೆ ನುಗ್ಗಿದಳು. ಕೈಯಲ್ಲಿ ಚಿಂದಿಯಾದ ಒಂದು ವಿಗ್ ಇತ್ತು.

"ನೋಡಿ ಇದನ್ನ. ನಿಮ್ಮ ಇಲಿಗಳ ಕೆಲಸ!" ಎಂದು ಕೂಗಿದಳು.

ಗಿರಣಿಯವನು ಕಿವಿಯ ಹತ್ತಿರ ಕೈ ತಂದು, ಕೇಳಿಸುತ್ತಿಲ್ಲ ಎಂದು ಸನ್ನೆ ಮಾಡಿದ. ಅವಳು ಇನ್ನಷ್ಟು ಗಟ್ಟಿಯಾಗಿ ಕೂಗಿದಳು. ಅವನು ಬಗ್ಗಿ ಸ್ವಿಚ್ ಆರಿಸಿದ. ಬೆಲ್ಟ್ ನಿಂತಿತು. ಅವಳ ದನಿ ನಿಲ್ಲಲಿಲ್ಲ.

"...ನಾಚಿಕೆ ಆಗಲ್ವಾ ನಿಮಗೆ, ಇಲಿ ಸಾಕ್ಕೊಂಡು ಜನರಿಗೆ ಹಿಟ್ಟು ಬೀಸಿ ಕೊಡೋಕೆ?"

ಆ ಮೌನದಲ್ಲಿ ಆ ಮಾತು ಬೀದಿಯ ತುದಿಗೂ ಕೇಳಿಸಿರಬೇಕು. ಸಾಲಿನಲ್ಲಿದ್ದವರೆಲ್ಲ ತಂತಮ್ಮ ಚೀಲದ ಕಡೆ ನೋಡಿಕೊಂಡರು.

ಅವನ ಹುಬ್ಬು, ರೆಪ್ಪೆ, ಮೀಸೆ ಎಲ್ಲವೂ ಹಿಟ್ಟು ಕೂತು ಬೆಳ್ಳಗಾಗಿದ್ದವು. ಸೋದರಮಾವನಿಂದ ಗಿರಣಿ ವಹಿಸಿಕೊಂಡು ಅವನು ಈ ಬೀದಿಗೆ ಬಂದು ಮೂರು ತಿಂಗಳಾಗಿತ್ತಷ್ಟೆ. ಇಬ್ಬರಿಗೂ ಒಂದೇ ಗೋಡೆ. ಆದರೂ ಅವರು ಮಾತಾಡಿದ್ದು ಇದೇ ಮೊದಲು... ಅದೂ ಹೀಗೆ.

"ನನ್ನ ಗಿರಣಿಯಲ್ಲಿ ಇಲಿ ಇಲ್ಲ. ಬನ್ನಿ, ಒಳಗೆಲ್ಲ ನೋಡಿ," ಅಂದ ಅವನು, ಮೆಲ್ಲಗೆ.

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹಿಟ್ಟಿನ ಗಿರಣಿಯಲ್ಲಿ ಇಲಿ ಇಲ್ಲವಂತೆ! ಯಾರ ಕಿವಿಗೆ ಹೂ ಇಡುತ್ತಿದ್ದಾನೆ ಇವನು? ನೋಡುವ ಜಾಗದಲ್ಲೇ ನೋಡಿಕೊಳ್ಳುತ್ತೇನೆ ಎಂದು ಹೇಳಿ ತಿರುಗಿ ನಡೆದಳು.

ಅವಳ ಸಿಟ್ಟಿಗೆ ಕಾರಣವಿತ್ತು. ಅವಳ ಕಸುಬು ವಿಗ್ ಕಟ್ಟುವುದು. ಕೊಕ್ಕೆ ಸೂಜಿಯಿಂದ ಒಂದೊಂದೇ ಕೂದಲನ್ನು ತೆಳು ಜಾಲರಿಗೆ ಗಂಟು ಹಾಕಬೇಕು. ಏಳು ವಾರ ಕತ್ತು ಬಗ್ಗಿಸಿ ಕಟ್ಟಿದ ವಿಗ್ ಅದು. ಕಾಯಿಲೆಯ ಔಷಧಕ್ಕೆ ತಲೆಗೂದಲೆಲ್ಲ ಉದುರಿಸಿಕೊಂಡಿದ್ದ ಒಬ್ಬ ಟೀಚರ್‌ಗಾಗಿ. ಅದನ್ನು ಹಾಕಿಕೊಂಡೇ ಸೋಮವಾರ ಮತ್ತೆ ತರಗತಿಗೆ ಹೋಗುತ್ತೇನೆ ಎಂದು ದಿನ ಎಣಿಸುತ್ತಿದ್ದರು ಅವರು.

ಸುದ್ದಿ ತಿಳಿಸಿದಾಗ ಟೀಚರ್ ಬೈಯಲಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡೇ ಹೋಗುತ್ತೇನೆ, ನೀವು ನಿಧಾನವಾಗಿ ಇನ್ನೊಂದು ಮಾಡಿ ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮನೆಗೆ ಬಂದು ಆ ಸಿಟ್ಟನ್ನೆಲ್ಲ ಅಮ್ಮನ ಮೇಲೆ ತೀರಿಸಿದಳು. ಅಮ್ಮ ಒಲೆಯ ಮೇಲೆ ಹಾಲಿಟ್ಟು ಮರೆತಿದ್ದರು. ಪಾತ್ರೆ ಸೀದು ಕರಕಲಾಗಿತ್ತು. ಆ ವಾರದಲ್ಲಿ ಅದು ಮೂರನೇ ಸಲ. ಜ್ಞಾನ ಎಲ್ಲಿರತ್ತೆ ನಿಮಗೆ ಎಂದು ಗದರಿದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ, ಊರಿನ ಮುನ್ನೂರು ನಂಬರನ್ನು ಬಾಯಲ್ಲೇ ಇಟ್ಟುಕೊಂಡಿದ್ದ ಅಮ್ಮ ಈಗ ಪಾತ್ರೆ ತಿಕ್ಕುತ್ತ ನಿಂತರು.

ವಯಸ್ಸಾಯಿತು, ಅಷ್ಟೆ... ಎಂದುಕೊಂಡಳು ಅವಳು. ಅದಕ್ಕಿಂತ ಮುಂದೆ ಯೋಚಿಸಲು ಅವಳಿಗೆ ಭಯವಿತ್ತು.

ಇಲಿಗಳ ಮೇಲೆ ಯುದ್ಧ ಶುರುವಾಯಿತು. ಎರಡು ಬೋನು ತಂದಳು, ನಾಲ್ಕು ಅಂಟು ಹಲಗೆ ತಂದಳು. ಕೂದಲಿನ ಕಟ್ಟುಗಳನ್ನೆಲ್ಲ ಮೇಲಿನ ಕೊಕ್ಕೆಗೆ ನೇತುಹಾಕಿದಳು. ಮೊದಲ ವಾರ ಐದು ಸಣ್ಣಿಲಿ ಸಿಕ್ಕವು. ಆದರೂ ಬೆಳಿಗ್ಗೆ ಎದ್ದರೆ ಮೇಜಿನ ಮೇಲೆ ಮತ್ತೆ ಜೀರಿಗೆ ಚೆಲ್ಲಿದಂತೆ ಹಿಕ್ಕೆ. ಇಲಿಪಾಷಾಣ ಇಡೋಣವೆಂದರೆ, ಅಮ್ಮ ಏನೋ ತಿಂಡಿ ಎಂದುಕೊಂಡು ಬಾಯಿಗೆ ಹಾಕಿಕೊಂಡರೆ ಎಂಬ ದಿಗಿಲು.

ಕೊನೆಗೆ ಆರೋಗ್ಯ ಇಲಾಖೆಗೆ ದೂರು ಬರೆದಳು. ಎರಡೇ ದಿನದಲ್ಲಿ ಇನ್‌ಸ್ಪೆಕ್ಟರ್ ಬಂದರು. ತಪಾಸಣೆ ಮುಗಿಯುವವರೆಗೆ ಎಂದು ಗಿರಣಿಗೆ ಬೀಗ ಜಡಿದು, ಮುಂಬಾಗಿಲಿಗೆ ಒಂದು ಕಾಗದ ಅಂಟಿಸಿ ಹೋದರು. ಒಳಗಿನ ಸಣ್ಣಪುಟ್ಟ ರಿಪೇರಿಗೆಂದು ಹಿಂಬಾಗಿಲು ಮಾತ್ರ ಬಿಟ್ಟರು.

ಅವಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಅವನು ವಾದಿಸಲಿಲ್ಲ, ಕೈಮುಗಿಯಲಿಲ್ಲ. ಒಮ್ಮೆ ಕತ್ತೆತ್ತಿ ಅವಳ ಕಿಟಕಿಯತ್ತ ನೋಡಿದ, ಅಷ್ಟೆ. ಗೆದ್ದವಳು ಅವಳೇ. ಆದರೂ ಆ ನೋಟ ಗಂಟಲಲ್ಲಿ ಸಿಕ್ಕಿದ ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ಏನಾದರೂ ಅನ್ನಬಾರದಿತ್ತೇ... ಬೈಯಬಾರದಿತ್ತೇ?

ನಾಲ್ಕನೇ ದಿನ ಅವನು ಅವಳ ಬಾಗಿಲಿಗೆ ಬಂದ. ಹಿಟ್ಟಿಲ್ಲದ ಮುಖ ಬೇರೆಯದೇ ಆಗಿ ಕಂಡಿತು. ಕೋಪದಿಂದ ಕೆಂಪಗಾಗಿತ್ತು. ಒಂದು ಪೊಟ್ಟಣ ಹಿಟ್ಟನ್ನು ಮೇಜಿನ ಮೇಲೆ ಕುಕ್ಕಿದ.

"ಗಿರಣಿ ಮುಚ್ಚಿ ನಾಲ್ಕು ದಿನ ಆಯ್ತು. ನಿಮ್ಮ ಮನೆ ಇಲಿ ಕಮ್ಮಿ ಆದವಾ?"

ಆಗಿರಲಿಲ್ಲ. ಹೆಚ್ಚೇ ಆಗಿದ್ದವು.

ಅವನು ಹೇಳಬೇಕಾದ್ದನ್ನು ನಿಂತಲ್ಲೇ ಹೇಳಿ ಮುಗಿಸಿದ. ಸಂಜೆ ಗೋಡೆಯ ಬುಡದುದ್ದಕ್ಕೂ, ಎಲ್ಲ ಕೋಣೆಯಲ್ಲೂ ಈ ಹಿಟ್ಟನ್ನು ತೆಳ್ಳಗೆ ಉದುರಿಸಬೇಕು. ಬೆಳಿಗ್ಗೆ ಕಾಲಿನ ಗುರುತು ಎಲ್ಲಿಂದ ಹೊರಟಿದೆ ಎಂದು ನೋಡಬೇಕು. ಗುರುತು ಗಿರಣಿಯ ಗೋಡೆಯಿಂದ ಬಂದಿದ್ದರೆ ಬೀಗದ ಕೈಯನ್ನು ಅವಳೇ ಬಾವಿಗೆ ಎಸೆಯಬಹುದು, ಅವನು ಕೇಳುವುದಿಲ್ಲ.

ನಿಮ್ಮ ಬುದ್ಧಿವಾದ ನನಗೆ ಬೇಕಿಲ್ಲ ಎಂದು ಬಾಗಿಲು ಹಾಕಿಕೊಂಡಳು. ಆದರೆ ಸಂಜೆ ಹಿಟ್ಟು ಉದುರಿಸಿದಳು. ಅವನ ಮಾತು ಸುಳ್ಳೆಂದು ತೋರಿಸುವ ಹಟಕ್ಕೇ ಉದುರಿಸಿದಳು.

ಬೆಳಿಗ್ಗೆ ಗಿರಣಿಯ ಕಡೆಯ ಗೋಡೆ ಬುಡದಲ್ಲಿ ಹಿಟ್ಟು ಹಾಕಿದ ಹಾಗೇ ಇತ್ತು. ಒಂದು ಗೆರೆಯೂ ಅಲುಗಿರಲಿಲ್ಲ.

ಪುಟ್ಟ ಪುಟ್ಟ ಕಾಲಿನ ಗುರುತುಗಳು ನಡುಮನೆ ದಾಟಿ ಅಮ್ಮನ ಕೋಣೆಗೆ ಹೋಗಿದ್ದವು. ಹೋಗಿದ್ದೇನು, ಅಲ್ಲಿಂದಲೇ ಹೊರಟಿದ್ದವು. ಹಳೆಯ ಮರದ ಕಪಾಟಿನ ಅಡಿಯಿಂದ ದಾರಿ ಸವೆದಂತೆ ಬಂದು ಹೋಗಿದ್ದವು.

ಅವಳು ಕಪಾಟು ತೆರೆದಳು. ಕೆಳಗಿನ ಎರಡು ಅರೆಗಳ ತುಂಬ ಕರವಸ್ತ್ರದ ತುಂಡಿನಲ್ಲಿ ಕಟ್ಟಿದ ಸಣ್ಣ ಸಣ್ಣ ಗಂಟುಗಳು. ಐವತ್ತೋ ಅರವತ್ತೋ. ಬ್ರೆಡ್ಡಿನ ಅಂಚು, ಬಿಸ್ಕತ್ತು, ಒಣಗಿದ ಅನ್ನ, ಒಂದೊಂದು ಹಿಡಿ ಹಿಟ್ಟು. ಎಲ್ಲ ಗಂಟೂ ಕಡಿದು ತೂತಾಗಿದ್ದವು. ಮೂಲೆಯಲ್ಲಿ ಒಂದು ಗೂಡು. ಅದನ್ನು ಹೆಣೆದದ್ದು ಟೀಚರ್‌ಗೆಂದು ಅವಳು ಆರಿಸಿದ್ದ ಕಂದು ಕೂದಲಿನಿಂದ. ಒಳಗೆ ಇನ್ನೂ ಕಣ್ಣು ಬಿಡದ ಗುಲಾಬಿ ಬಣ್ಣದ ಮರಿಗಳು.

ಹಿಂದೆ ಅಮ್ಮ ಬಂದು ನಿಂತಿದ್ದರು. ಅವಳು ಇನ್ನೇನು ಕೂಗಬೇಕು, ಅಮ್ಮನೇ ಮಾತಾಡಿದರು.

"ಯಾರು ನೀವು? ಮುಟ್ಟಬೇಡಿ ಅದನ್ನ. ನನ್ನ ಮಗಳು ಶಾಲೆಯಿಂದ ಬರೋ ಹೊತ್ತಾಯ್ತು. ಹಸಿದು ಬರ್ತಾಳೆ."

ನೀವು. ಹೆತ್ತ ಅಮ್ಮನ ಬಾಯಲ್ಲಿ, ನೀವು...

ಅವಳು ಕಪಾಟಿನ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಕಣ್ಣು ಕಿರಿದು ಮಾಡಿ ನೋಡಿ, ಯಾಕೆ ಮಗಳೇ ನೆಲದ ಮೇಲೆ ಕೂತಿದ್ದೀಯಾ ಎಂದು ಕೇಳಿದರು, ಏನೂ ಆಗಿಲ್ಲದವರಂತೆ.

ಅಮ್ಮನಿಗೆ ಕಾಫಿ ಕೊಟ್ಟು ಕೂರಿಸಿ, ಒಂದು ಹಿಟ್ಟಿನ ಗಂಟು ಹಿಡಿದು ಅವಳು ಗಿರಣಿಯ ಹಿಂಬಾಗಿಲಿಗೆ ಹೋದಳು. ಅವನು ಒಬ್ಬನೇ ಕೂತು ಉಳಿ ಹಿಡಿದು, ಬೀಸುವ ಕಲ್ಲಿನ ಸವೆದ ಗೀರುಗಳನ್ನು ಹರಿತ ಮಾಡುತ್ತಿದ್ದ. ಅವಳು ಒಳಗನ್ನು ಗಮನವಿಟ್ಟು ನೋಡಿದ್ದು ಆಗಲೇ. ಕಾಳೆಲ್ಲ ಮುಚ್ಚಳ ಬಿಗಿದ ಕಬ್ಬಿಣದ ಡ್ರಮ್ಮುಗಳಲ್ಲಿತ್ತು. ಡ್ರಮ್ಮುಗಳು ಗೋಡೆಯಿಂದ ಒಂದು ಮೊಳ ದೂರದಲ್ಲಿ, ಕಟ್ಟೆಯ ಮೇಲಿದ್ದವು. ಪೈಪ್ ಹಾದುಹೋದ ತೂತಿಗೂ ಸಿಮೆಂಟು ಮೆತ್ತಿತ್ತು.

ಗಂಟನ್ನು ಅವನ ಮುಂದೆ ಹಿಡಿದಳು. "ಇದು ನಮ್ಮನೇದಲ್ಲ, ನಿಮ್ಮ ಹಿಟ್ಟು. ಅಮ್ಮನಿಗೆ ಕೊಟ್ಟಿದ್ದು ನೀವೇ. ಅವರ ಸ್ಥಿತಿ ನಿಮಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

ಅವನು ಉಳಿ ಕೆಳಗಿಟ್ಟು ಎಲ್ಲ ಹೇಳಿದ. ದಿನಾ ಹನ್ನೊಂದು ಗಂಟೆಗೆ, ಅವಳು ಕೆಲಸದಲ್ಲಿ ಮುಳುಗಿರುವಾಗ, ಅಮ್ಮ ಗಿರಣಿಗೆ ಬರುತ್ತಿದ್ದರು. ಮಗಳಿಗೆ ಅಂತ ಒಂದು ಹಿಡಿ ಹಿಟ್ಟು ಕೇಳಿ, ಕಪಾಟಿನಲ್ಲಿ ಎತ್ತಿಡುತ್ತೇನೆ ಎನ್ನುತ್ತಿದ್ದರು. ಒಂದು ದಿನ ತಿಳಿಯಾಗಿದ್ದಾಗ ಅವನ ಕೈ ಹಿಡಿದುಕೊಂಡು, ನನ್ನ ತಲೆಯೊಳಗೆ ಏನೋ ಕಳಚಿ ಹೋಗ್ತಿದೆ ಕಣಪ್ಪಾ ಅಂದಿದ್ದರು. ಮಗಳಿಗೆ ಹೇಳಬೇಡ, ಕೆಲಸ ಬಿಟ್ಟು ನನ್ನನ್ನೇ ಕಾಯುತ್ತ ಕೂತುಬಿಡುತ್ತಾಳೆ ಎಂದು ಮಾತು ತೆಗೆದುಕೊಂಡಿದ್ದರು.

"ನಾನು ಮಾತು ಕೊಟ್ಟಿದ್ದೆ," ಅಂದ. "ಇಲಿಗಳು ಕೊಟ್ಟಿರಲಿಲ್ಲ. ಅದಕ್ಕೇ ಆ ಹಿಟ್ಟು ತಂದಿದ್ದು."

ಅವಳ ಸಿಟ್ಟು ಆರಲಿಲ್ಲ. ಅದು ಇನ್ನೂ ಮೇಲೇರಿತು.

"ನಾನು ಅವರಿಗೆ ದಿನಾ ಬೈತಿದ್ದೆ. ಹಾಲು ಉಕ್ಕಿದರೆ ಬೈದೆ, ಕೀಲಿ ಕಳೆದರೆ ಬೈದೆ. ಬೇಕಂತಲೇ ಮಾಡ್ತಾರೆ ಅಂತ ಬೈದೆ. ನೀವು ಒಂದು ಮಾತು ಹೇಳಿದ್ದರೆ ಮೂರು ತಿಂಗಳು ನಾನು ಬೈತಿರಲಿಲ್ಲ. ಆ ಮೂರು ತಿಂಗಳು ಯಾರು ವಾಪಸ್ ಕೊಡ್ತಾರೆ?"

ಅವನು ತಲೆ ತಗ್ಗಿಸಿ, ಅದು ನನ್ನ ತಪ್ಪೇ ಎಂದು ಒಪ್ಪಿಕೊಂಡ. ಆಮೇಲೆ ತಲೆ ಎತ್ತಿದಾಗ ಅವನ ಕಣ್ಣಲ್ಲೂ ಕೆಂಡವಿತ್ತು.

"ನೀನೂ ಒಂದು ಸಲ ಒಳಗೆ ಬಂದು ನೋಡಬಹುದಿತ್ತು. ಬಾ ಅಂತ ಕರೆದಿದ್ದೆ. ಸಾಲಲ್ಲಿ ನಿಂತವರೆದುರು ನನ್ನ ಮರ್ಯಾದೆ ತೆಗೆದೆ, ಬೀಗ ಹಾಕಿಸಿದೆ. ಗೋಡೆಯಾಚೆ ಇರೋನು ಮನುಷ್ಯ ಅಂತ ಒಂದು ಸಲಕ್ಕಾದರೂ ಅನ್ನಿಸಲಿಲ್ವಾ ನಿನಗೆ?"

ಏಕವಚನ ಬಾಯಿಂದ ಜಾರಿದ್ದು ಅವನಿಗೆ ತಿಳಿದಂತಿರಲಿಲ್ಲ. ಅವಳಿಗೆ ತಿಳಿಯಿತು. ಸಿಟ್ಟು ಬರಬೇಕಿತ್ತು. ಬದಲಿಗೆ ಅಳು ಬಂತು. ಅಷ್ಟು ಹೊತ್ತು ಹಲ್ಲು ಕಚ್ಚಿ ಹಿಡಿದದ್ದೆಲ್ಲ ಕಟ್ಟೆಯೊಡೆದು ಹರಿಯಿತು. ಅವನು ಒಂದು ಸ್ಟೂಲ್ ಸರಿಸಿ ಕೊಟ್ಟು, ಅಳು ನಿಲ್ಲುವವರೆಗೆ ಪಕ್ಕದಲ್ಲಿ ನಿಂತ.

ಅಂದೇ ಮಧ್ಯಾಹ್ನ ಅವಳು ಇಲಾಖೆಗೆ ಹೋದಳು. ಇಲಿ ನನ್ನ ಮನೆಯದು, ದೂರು ನನ್ನ ತಪ್ಪು ಎಂದು ಬರೆದುಕೊಟ್ಟಳು. ಮುಂಗೋಪಕ್ಕೆ ಅಲ್ಲಿಯೂ ಒಂದಿಷ್ಟು ಬೈಗುಳ ತಿಂದಳು. ಮಾರನೇ ದಿನ ಇನ್‌ಸ್ಪೆಕ್ಟರ್ ಬಂದು, ಈ ಸಲ ಮೂಲೆ ಮೂಲೆ ನೋಡಿ ಬೀಗ ತೆಗೆದರು. ಗಿರಣಿಗೆ ಮತ್ತೆ ಜನ ಬಂದು ನಿಂತಾಗ ಅವಳೇ ಹೋಗಿ ಅವರೆಲ್ಲರ ಮುಂದೆ ಅದೇ ಮಾತು ಹೇಳಿದಳು. ನಾಲಿಗೆ ಒಣಗಿತು, ಆದರೂ ಒಂದಕ್ಷರ ನುಂಗಲಿಲ್ಲ.

ಡಾಕ್ಟರ್ ಅಮ್ಮನನ್ನು ನೋಡಿ, ಇದು ವಾಸಿಯಾಗುವ ಕಾಯಿಲೆಯಲ್ಲ, ನಿಧಾನ ಮಾಡಬಹುದಷ್ಟೆ ಅಂದರು. ಆ ದಿನ ಅವಳು ಯಾರ ಮೇಲೂ ರೇಗಲಿಲ್ಲ.

ಭಾನುವಾರ ಅವನು ಸಿಮೆಂಟು, ಪಾತ್ರೆ ತಿಕ್ಕುವ ಉಕ್ಕಿನ ನಾರು, ತಂತಿ ಜಾಲರಿ ಹಿಡಿದು ಬಂದ. ಪೆನ್ಸಿಲ್ ತೂರುವಷ್ಟು ಸಂದಿಯಿದ್ದರೂ ಸಣ್ಣಿಲಿ ನುಸುಳುತ್ತದೆ ಎಂದು ಮನೆಯ ಒಂದೊಂದೇ ತೂತು ಹುಡುಕಿದ. ನಾರನ್ನು ತುರುಕಿ ಮೇಲೆ ಸಿಮೆಂಟು ಮೆತ್ತಿದ. ಬರೀ ಸಿಮೆಂಟಾದರೆ ಕೊರೆದುಬಿಡುತ್ತವೆ, ನಾರಿಗೆ ಹಲ್ಲು ಹಾಕಲಾರವಂತೆ. ಆ ಗೂಡನ್ನು ಕಾಗದದಲ್ಲಿ ಸುತ್ತಿ ಹೊರಗೆ ಕೊಂಡುಹೋದ. ಏನು ಮಾಡಿದಿರಿ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅಮ್ಮನಿಗೆಂದು ಬಿಗಿ ಮುಚ್ಚಳದ ಒಂದು ಡಬ್ಬ ತಂದಿದ್ದ. ಮಗಳಿಗೆ ಇಡೋದನ್ನೆಲ್ಲ ಇದರಲ್ಲಿಡಿ, ಮೆತ್ತಗಾಗಲ್ಲ ಎಂದು ತೋರಿಸಿಕೊಟ್ಟ. ಬಚ್ಚಿಡಬೇಡಿ ಎನ್ನಲಿಲ್ಲ. ಅಮ್ಮ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಮುಚ್ಚಳ ತೆಗೆದು ಹಾಕಿ ನೋಡುತ್ತ ಕೂತರು.

ಅದನ್ನೆಲ್ಲ ನೋಡುತ್ತ ನೋಡುತ್ತ ಅವಳಿಗೆ ಯಾಕೋ ಮತ್ತೆ ಸಿಟ್ಟು ಒತ್ತರಿಸಿ ಬಂತು. ಕೊನೆಯ ತೂತಿಗೆ ಸಿಮೆಂಟು ಮೆತ್ತುತ್ತಿದ್ದವನ ಹಿಂದೆ ಹೋಗಿ ನಿಂತಳು. ಬೀಗ ಹಾಕುವಾಗ ಇನ್‌ಸ್ಪೆಕ್ಟರ್‌ಗಾದರೂ ಯಾಕೆ ನಿಜ ಹೇಳಲಿಲ್ಲ ಎಂದು ಕೇಳಿದಳು.

"ಹೇಳಿದ್ದರೆ ಅವರು ಬೀದಿಯೆಲ್ಲ ನೋಡೋ ಹಾಗೆ ನಿಮ್ಮಮ್ಮನ ಕಪಾಟು ತೆಗೆಸ್ತಿದ್ರು," ಅಂದ, ತಿರುಗದೆ.

"ತೆಗೆಸಿದ್ರೆ ನಿಮಗೇನು? ನಾವು ನಿಮಗೆ ಏನಾಗಬೇಕು?"

ಕರಣೆ ನಿಂತಿತು. ಅವನು ನಿಧಾನವಾಗಿ ತಿರುಗಿದ.

"ಇನ್ನೂ ಏನೂ ಆಗಿಲ್ಲ... ಆಗಬೇಕು ಅಂತ ಆಸೆ."

ಈ ಮನುಷ್ಯನಿಗೆ ಯಾವ ಮಾತನ್ನೂ ಹೊತ್ತಿಗೆ ಸರಿಯಾಗಿ ಹೇಳಲು ಬರುವುದೇ ಇಲ್ಲವೇ? ಕಿಟಕಿಯಲ್ಲಿ ಅವಳು ಕತ್ತು ಬಗ್ಗಿಸಿ ಗಂಟು ಹಾಕುವುದನ್ನು ಬಂದ ದಿನದಿಂದ ನೋಡುತ್ತಿದ್ದನಂತೆ. ಒಂದು ಕೂದಲಿಗೆ ಅಷ್ಟು ತಾಳ್ಮೆ ಇರುವವಳಿಗೆ ಮನುಷ್ಯರ ಮೇಲೆ ಎಷ್ಟಿರಬಹುದು ಎಂದುಕೊಂಡಿದ್ದನಂತೆ.

"ಆ ಲೆಕ್ಕ ಮಾತ್ರ ತಪ್ಪಿತು," ಅಂದ.

ಅವಳಿಗೆ ನಗು ಬಂತು. ಅದನ್ನು ತಡೆಯಲು ಹೋಗಿ ಕಣ್ಣು ತುಂಬಿತು.

"ಕೈ ತೊಳ್ಕೊಂಡು ಬಾ," ಅಂದಳು. "ಅಮ್ಮನಿಗೆ ನೀನೇ ಹೇಳು."

"ಒಪ್ಪದಿದ್ರೆ?"

"ಒಪ್ತಾರೆ. ಆದರೆ ನಾಳೆಗೆ ಮರೀತಾರೆ. ನಾಳೆ ಮತ್ತೆ ಹೇಳಬೇಕಾಗುತ್ತೆ."

"ನಾಡಿದ್ದು?"

"ನಾಡಿದ್ದೂ."

ಅವನು ಸಿಮೆಂಟು ಮೆತ್ತಿದ ಕೈಯನ್ನು ನೋಡಿಕೊಂಡ. ಆಮೇಲೆ ಅವಳನ್ನು ನೋಡಿದ.

"ದಿನಾ ಹೇಳ್ತೀನಿ. ದಿನಾ ಕೇಳೋಕೆ ನಿನಗೆ ಬೇಜಾರಾಗಲ್ವಾ?"

"ಒಂದು ದಿನ ಹೇಳದೆ ಬಿಟ್ಟು ನೋಡು, ಆಗ ಇದೆ ನಿನಗೆ," ಅಂದಳು ಅವಳು.